ಅಪ್ಪನ ಹೆಸರಿನ ಬೋರ್ ಬಗ್ಗೆ

ಗುಲು ಸೀಮೆ, ಉತ್ತರ ಉಗಾಂಡಾ
ಫೆಬ್ರವರಿ

ಪ್ರೀತಿಯ ಅವ್ವ, ಅಣ್ಣ, ಅತ್ತಿಗೆ,

ಎಲ್ಲರಿಗೂ ಯೇಸುವಿನಲ್ಲಿ ವಂದನೆ. ನಾನು ಚೆನ್ನಾಗಿದ್ದೇನೆ.

ಅಣ್ಣ, ನಿನ್ನ ಪತ್ರ ಬಂತು. ಅಪ್ಪನ ವರ್ಷದ ಪೂಜೆಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಇಲ್ಲೊಂದು ಬೋರ್ ಕೊರೆಸಿ, ಅಪ್ಪನ ಹೆಸರಿನ ಕಲ್ಲು ಹಾಕಿಸಬೇಕು ಅಂತ ಬರೆದಿದ್ದೀಯ. ಓದಿ ಕಣ್ಣು ತುಂಬಿತು. ಆದರೆ ನನ್ನದೊಂದು ಕೋರಿಕೆ ಇದೆ. ಹೊಸ ಬೋರ್ ಬೇಡ. ಕೆಟ್ಟು ನಿಂತಿರುವ ಬೋರಿಂಗ್‌ಗಳನ್ನು ಆ ದುಡ್ಡಿನಲ್ಲಿ ರಿಪೇರಿ ಮಾಡಿಸೋಣ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಅತ್ತಿಗೆ, ಅವ್ವನಿಗೆ ನಿಧಾನವಾಗಿ ಓದಿ ಹೇಳಿ.

ಇಲ್ಲಿನ ನೆಲ ನಮ್ಮ ನಾಗಮಂಗಲದ ಕಡೆಯ ನೆಲದ ಹಾಗೇ ಇದೆ. ಮೇಲೆ ಕೆಮ್ಮಣ್ಣು, ಕೆಳಗೆ ಬಹಳ ಹಳೆಯ ಗಟ್ಟಿ ಬಂಡೆ. ಬಂಡೆಯ ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ಧೂಳು. ನಾಲೆ ಬಯಲಿನ ನಮ್ಮ ನೆಂಟರಿಗೆ ಇದು ಅಷ್ಟು ಬೇಗ ಅರ್ಥವಾಗಲಿಕ್ಕಿಲ್ಲ. ಹೊಲದಲ್ಲಿ ಬೋರ್ ಲಾರಿ ನಿಲ್ಲಿಸಿ ರಾತ್ರಿಯೆಲ್ಲ ಕಾದವರು ನಾವು, ನಮಗೆ ಗೊತ್ತು. ಕೈಪಂಪಿಗಾದ್ದರಿಂದ ಇಲ್ಲಿ ನಮ್ಮಷ್ಟು ಆಳ ಹೋಗುವುದಿಲ್ಲ. ಸುಮಾರು 200 ಅಡಿ ಕೊರೆಯುತ್ತಾರೆ. ಮೇಲಿನ ಸಡಿಲ ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಗಲೀಜು ನೀರು ಒಳಗೆ ಇಳಿಯದ ಹಾಗೆ ಸುತ್ತ ಸಿಮೆಂಟ್ ಕಟ್ಟೆ ಕಟ್ಟುತ್ತಾರೆ. ಒಂದು ಬೋರಿಂಗ್ ಸುಮಾರು 300 ಜನಕ್ಕೆ ಅಂತ ಲೆಕ್ಕ.

ಅವ್ವ, ಇಲ್ಲೂ ರಾಗಿ ಬೆಳೆಯುತ್ತಾರೆ. ಗಟ್ಟಿಯಾಗಿ ಮುದ್ದೆಯ ಹಾಗೆ ತಿರುವಿ ಸೊಪ್ಪು, ಎಳ್ಳಿನ ಗೊಜ್ಜಿನ ಜೊತೆ ತಿನ್ನುತ್ತಾರೆ. ರಾಗಿಯ ಮೂಲವೇ ಈ ಪೂರ್ವ ಆಫ್ರಿಕಾ ಅಂತೆ. ಊಟದ ಚಿಂತೆ ನನಗೆ ಇಲ್ಲ, ನೀನೂ ಮಾಡಬೇಡ.

ಈ ಸೀಮೆಯಲ್ಲಿ ಸುಮಾರು 20 ವರ್ಷ ಯುದ್ಧ ನಡೆಯಿತು. ಜನ ಊರು ಬಿಟ್ಟು ಕ್ಯಾಂಪ್‌ಗಳಲ್ಲಿ ಬದುಕಿದರು. 2006ರ ಹೊತ್ತಿಗೆ ಗುಂಡಿನ ಸದ್ದು ನಿಂತ ಮೇಲೆ ಒಬ್ಬೊಬ್ಬರಾಗಿ ಹಳ್ಳಿಗೆ ವಾಪಸ್ ಬಂದರು. ಎಷ್ಟೋ ಹಳ್ಳಿಗಳಲ್ಲಿ ಸರಿಯಾದ ನೀರಿನ ವ್ಯವಸ್ಥೆ ಇರಲಿಲ್ಲ. ಆಗ ಸರ್ಕಾರದವರು, ಮಿಷನ್‌ನವರು, ಹೊರದೇಶದ ಸಂಸ್ಥೆಯವರು ಎಲ್ಲರೂ ಸೇರಿ ಬೋರ್ ಕೊರೆಸಿದರು. ಅದು ದೊಡ್ಡ ಉಪಕಾರವೇ. ಆದರೆ ಕೊರೆಸಿದವರು ಹೊರಟುಹೋದ ಮೇಲೆ ನೋಡಿಕೊಳ್ಳುವವರು ಯಾರು? ನನ್ನನ್ನು ಈಗ ಕಾಡುತ್ತಿರುವುದು ಇದೇ.

ನಮ್ಮ ಊರಿನ ಶಾಲೆ ಮುಂದಿನ ಬೋರಿಂಗ್ ನೆನಪಿದೆ ಅಲ್ವಾ, ಉದ್ದ ಹಿಡಿಯದು? ಅದೇ ಜಾತಿಯ ಪಂಪ್ ಇಲ್ಲೂ ಇದೆ. ಇಂಡಿಯಾ ಮಾರ್ಕ್ 2 ಅಂತ ಅದರ ಹೆಸರು. ಮಹಾರಾಷ್ಟ್ರದ ಬರಗಾಲದ ಸೀಮೆಯಲ್ಲಿ, ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ, ಮಿಷನ್ ಕೆಲಸದವರು ಗಟ್ಟಿಮುಟ್ಟಾದ ಪಂಪ್‌ಗಳನ್ನು ಮಾಡಿದ್ದರು. ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ಅದನ್ನೇ ಸುಧಾರಿಸಿ ಇದನ್ನು ತಯಾರಿಸಿದರು. ನಮ್ಮ ದೇಶದ ಹಳ್ಳಿಹಳ್ಳಿಗೆ ಹೋದ ಪಂಪ್ ಸಮುದ್ರ ದಾಟಿ ಇಲ್ಲಿಗೂ ಬಂದಿದೆ. ಮೊದಲ ಸಲ ಇಲ್ಲಿ ಅದರ ಹಿಡಿ ಹಿಡಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಪಂಪ್ ಒಳ್ಳೆಯದೇ. ತೊಂದರೆ ಇರುವುದು ಒಳಗೆ ಇಳಿಸುವ ಕಬ್ಬಿಣದ ಪೈಪಿನಲ್ಲಿ. ಎಷ್ಟೋ ಕಡೆ ಇಲ್ಲಿನ ನೀರಿಗೆ ಸ್ವಲ್ಪ ಹುಳಿ ಗುಣ ಇದೆ. ಅದು ಪೈಪನ್ನು ತಿನ್ನುತ್ತದೆ. ಮೊದಲು ನೀರು ಕೆಂಪಗಾಗುತ್ತದೆ. ಬಟ್ಟೆಗೆ ಕಲೆ ಹಿಡಿಯುತ್ತದೆ, ಚಹಾ ಕಪ್ಪಾಗುತ್ತದೆ, ಬಾಯಿಗೆ ತುಕ್ಕಿನ ರುಚಿ. ಆಮೇಲೆ ಪೈಪು ಜೋಡಿಸುವ ತಿರುಪು ಸವೆದು, ಒಂದು ದಿನ ಪೈಪೇ ಕಳಚಿ ಬೋರಿನೊಳಗೆ ಬಿದ್ದುಹೋಗುತ್ತದೆ. ಅಷ್ಟರಲ್ಲೇ ಹೆಂಗಸರು ಜೌಗಿನ ಗುಂಡಿ ನೀರಿಗೆ ವಾಪಸ್ ಹೋಗಿರುತ್ತಾರೆ. 20 ಲೀಟರ್ ಹಳದಿ ಕ್ಯಾನು ತಲೆ ಮೇಲೆ, ಮಗು ಬೆನ್ನ ಮೇಲೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಆ ಗುಂಡಿಯಲ್ಲೇ ದನವೂ ಕುಡಿಯುತ್ತದೆ. ಮುಂದಿನ ವಾರ ಅದೇ ಮಗು ಭೇದಿ ಅಂತ ನಮ್ಮ ಡಿಸ್ಪೆನ್ಸರಿಗೆ ಬರುತ್ತದೆ. ನಾವು ಓಆರ್‌ಎಸ್ ಕುಡಿಸಿ ಕಳಿಸುತ್ತೇವೆ. ಮನೆಗೆ ಹೋಗಿ ಮತ್ತೆ ಅದೇ ನೀರು. ಇದನ್ನು ನೋಡಿ ನೋಡಿ ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಅವ್ವ.

ಆ ಬೋರಿನಲ್ಲಿ ನೀರು ಇದ್ದೇ ಇದೆ. ಪೈಪ್ ಕಿತ್ತು, ತುಕ್ಕು ಹಿಡಿಯದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪೈಪ್ ಇಳಿಸಿ, ವಾಷರ್ ಬದಲಿಸಿ, ಒಡೆದ ಕಟ್ಟೆ ಸರಿ ಮಾಡಿದರೆ ಸಾಕು. ಹೊಸದೊಂದು ಕೊರೆಸುವ ದುಡ್ಡಿನಲ್ಲಿ ಹೀಗೆ ಎಷ್ಟೋ ಬೋರಿಂಗ್‌ಗೆ ಜೀವ ಬರುತ್ತದೆ.

ಇನ್ನೊಂದು ವಿಷಯ. ಊರಿನ ನೀರಿನ ಸಮಿತಿಯಲ್ಲಿ ಹೆಂಗಸರು ಇರಲೇಬೇಕು ಅಂತ ನಾವು ಹಟ ಹಿಡಿಯುತ್ತೇವೆ. ಪಂಪ್ ಕೆಟ್ಟರೆ ಮೊದಲು ಕಷ್ಟ ಅವರಿಗೇ ತಾನೆ? ಮನೆಗಿಷ್ಟು ಅಂತ ತಿಂಗಳ ಹಣ ಕೂಡಿಸಿ, ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು. ಪಕ್ಕದ ಹಳ್ಳಿಯಲ್ಲಿ ಒಬ್ಬ ವಿಧವೆ ಪಂಪ್ ರಿಪೇರಿ ಕಲಿತಿದ್ದಾಳೆ. ಸ್ಪ್ಯಾನರ್ ಹಿಡಿದು ಬಂದರೆ ಗಂಡಸರು ದಾರಿ ಬಿಡುತ್ತಾರೆ. ಅವಳ ಜೊತೆ ಇನ್ನಷ್ಟು ಹೆಂಗಸರಿಗೆ ಕಲಿಸಿ, ಅವರಿಗೆ ಸ್ವಂತ ಸಾಮಾನು ಕೊಡಿಸಬೇಕು ಅನ್ನುವುದು ನನ್ನ ಆಸೆ. ಅಪ್ಪನ ದುಡ್ಡಿನಲ್ಲಿ ಒಂದು ಭಾಗ ಅದಕ್ಕೆ ಹೋಗಲಿ.

ಪೂಜೆಗೆ ಬರುವವರಿಗೆ ಮಾತ್ರ ನೀರು ಅಂತ ಇಲ್ಲಿ ಇಲ್ಲ. ಮುಸ್ಲಿಮರು, ಬೇರೆ ಸಭೆಯವರು, ಯಾವ ಸಭೆಗೂ ಹೋಗದವರು, ಎಲ್ಲರ ಕ್ಯಾನೂ ಒಂದೇ ಸಾಲಿನಲ್ಲಿ. ದೇವರ ಕೆಲಸ ಅಂದರೆ ನನಗೆ ಇದೂ ಹೌದು. ಕಲ್ಲು ಹಾಕಿಸದಿದ್ದರೆ ಅವ್ವನಿಗೆ ಬೇಜಾರಾಗಬಹುದು. ಅಪ್ಪನ ಹೆಸರಿನಲ್ಲಿ ಇಲ್ಲಿನ ಮಾವಿನ ಮರದ ಕೆಳಗೆ ಫಾದರ್ ಬಲಿಪೂಜೆ ಅರ್ಪಿಸುತ್ತಾರೆ, ಊರಿನವರೆಲ್ಲ ಬರುತ್ತಾರೆ. ಫಾದರ್ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಣ್ಣ, ದುಡ್ಡನ್ನು ನನ್ನ ಹೆಸರಿಗೆ ಕಳಿಸಬೇಡ. ಮೈಸೂರಿನ ನಮ್ಮ ಕನ್ಯಾಮಠದ ಮದರ್ ಅವರನ್ನು ನೋಡಿ ಮಾತಾಡು. ಹೇಗೆ ಕಳಿಸಬೇಕು ಅಂತ ಅವರೇ ಹೇಳುತ್ತಾರೆ. ರಸೀದಿ ಮರೆಯಬೇಡ. ಏಪ್ರಿಲ್‌ನಲ್ಲಿ ಮಳೆ ಹಿಡಿದರೆ ರಸ್ತೆಯಲ್ಲಿ ಗಾಡಿ ಹೂತುಕೊಳ್ಳುತ್ತದೆ. ಅದಕ್ಕೇ ಅವ್ವನ ಹತ್ತಿರ ಮಾತಾಡಿ ಬೇಗ ತಿಳಿಸು. ಅವ್ವ, ಮಂಡಿ ನೋವಿನ ಮಾತ್ರೆ ಬಿಡಬೇಡ. ಡೋರ್ನಹಳ್ಳಿ ಸಂತ ಅಂತೋಣಿಯವರ ಹಬ್ಬಕ್ಕೆ ನಡೆದು ಹೋಗುತ್ತೇನೆ ಅಂತ ಹಟ ಮಾಡಬೇಡ, ಬಸ್ಸಿನಲ್ಲೇ ಹೋಗು.

ನಿಮ್ಮ ಪ್ರೀತಿಯ ಮಗಳು