ಹಕ್ಕಿ ಎಣಿಸಿದರೆ ಏನು ಬರುತ್ತೆ ಎಂದ ಅಪ್ಪನಿಗೆ

ಕೋನ್‌ಸ್ಟಾಂಜ್, ಜರ್ಮನಿ
ಜನವರಿ

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ "ಸಂಬಳವೂ ಇಲ್ಲ, ಸಾರಿಗೆ ಭತ್ಯೆಯೂ ಇಲ್ಲ, ಆ ಚಳಿಯಲ್ಲಿ ನಿಂತು ಹಕ್ಕಿ ಎಣಿಸಿದರೆ ಏನು ಬರುತ್ತೆ?" ಅಂತ ಕೇಳಿದಿರಿ. ಲೈನ್ ಕಟ್ಟಾಯಿತು. ಅಪ್ಪ, ಉತ್ತರ ತುಸು ಉದ್ದವಿದೆ, ಅದಕ್ಕೇ ಈ ಪತ್ರ.

ಇಲ್ಲಿನ ಬೋಡೆನ್‌ಸೀ ಸರೋವರದ ಉದ್ದವೇ 63 ಕಿಲೋಮೀಟರ್. ದಡ ಮೂರು ದೇಶಗಳದ್ದು: ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್. ಬೆಳಿಗ್ಗೆ ಈ ದೇಶದಲ್ಲಿದ್ದ ಹಿಂಡು ಮಧ್ಯಾಹ್ನಕ್ಕೆ ಆ ದೇಶದಲ್ಲಿರುತ್ತದೆ. ಹಾಗಾಗಿ ದಡವನ್ನು ತುಂಡು ತುಂಡಾಗಿ ಹಂಚಿಕೊಂಡು ಎಲ್ಲರೂ ಒಂದೇ ಭಾನುವಾರ ಎಣಿಸುತ್ತಾರೆ, ಇಲ್ಲದಿದ್ದರೆ ಒಂದೇ ಬಾತು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಬೇಸಿಗೆಯಲ್ಲಿ ಆಲ್ಪ್ಸ್‌ನ ಹಿಮ ಕರಗಿ ನೀರು ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಎರ್ಮಾಟಿಂಗೆನ್ ಕಡೆ ಕೆಸರು ಹೊರಬಿದ್ದು ಹಕ್ಕಿಗಳು ಅಲ್ಲಿ ಕಿಕ್ಕಿರಿಯುತ್ತವೆ.

ಸಾವಿರಗಟ್ಟಲೆ ಹಕ್ಕಿಯನ್ನು ಒಂದೊಂದಾಗಿ ಯಾರೂ ಎಣಿಸುವುದಿಲ್ಲ. ಮೊದಲು ಹತ್ತನ್ನು ಸರಿಯಾಗಿ ಎಣಿಸಿ, ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿದವು ಎಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅದೇ ಅಳತೆಯಲ್ಲಿ ನೂರು, ಐನೂರು. ನಾಮದ ಕೋಳಿಗಳು (ಹಣೆಯಲ್ಲಿ ಬಿಳಿ ನಾಮವಿರುವ ಕರಿ ನೀರುಹಕ್ಕಿಗಳು) ಪಾಪ, ಸಭ್ಯವಾಗಿ ಕಣ್ಣೆದುರೇ ಇರುತ್ತವೆ. ಜುಟ್ಟಿನ ಬಾತುಗಳು ಮೇಯುವುದು ಹೆಚ್ಚಾಗಿ ರಾತ್ರಿ. ಹಗಲೆಲ್ಲ ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ತೇಲುತ್ತಾ ಮಲಗಿರುತ್ತವೆ. ಆಗ ಎಣಿಸುವುದು ಸುಲಭ, ಯಾವ ಬಾತು ಎಂದು ಹೇಳುವುದು ಕಷ್ಟ. ದೊಡ್ಡ ಗುಳುಮುಳುಕಗಳದ್ದು ತದ್ವಿರುದ್ಧ: ನೋಡಿದ ಕೂಡಲೇ ಗುರುತು ಸಿಗುತ್ತದೆ, ಎಣಿಸಲು ಹೊರಟರೆ ಅರ್ಧ ನೀರಿನಡಿ. ಎಲ್ಲಕ್ಕಿಂತ ದೊಡ್ಡ ಶತ್ರು ಮಂಜು. ಅದು ಕವಿದರೆ ದುರ್ಬೀನಿಗೂ ಕೋಲಿಗೂ ವ್ಯತ್ಯಾಸವಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಈ ಎಣಿಕೆ ಶುರುವಾದದ್ದು 1961ರಲ್ಲಿ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ತಿಂಗಳಿಗೊಮ್ಮೆ. ಅದಾದ ಕೆಲವೇ ವರ್ಷಗಳಲ್ಲಿ ಜೀಬ್ರಾ ಮಸೆಲ್ ಎಂಬ ಪಟ್ಟೆ ಕಪ್ಪೆಚಿಪ್ಪು ಹೊರಗಿನಿಂದ ಬಂದು ಸರೋವರದ ತಳದಲ್ಲೆಲ್ಲ ಹರಡಿತು. ಅದನ್ನು ತಿನ್ನುವ ಜುಟ್ಟಿನ ಬಾತು, ಕೆಂದಲೆ ಬಾತು, ನಾಮದ ಕೋಳಿಗಳ ಸಂಖ್ಯೆ ಚಳಿಗಾಲದಲ್ಲಿ ಹಲವು ಪಟ್ಟು ಏರಿತು. ಎಣಿಕೆ ಶುರುಮಾಡಿದವರಿಗೆ ಚಿಪ್ಪು ಬರುತ್ತದೆಂದು ಕನಸೂ ಬಿದ್ದಿರಲಿಲ್ಲ. ಬಂದ ಮೇಲೆ ಎಣಿಸಲು ಕೂತಿದ್ದರೆ "ಮೊದಲು ಎಷ್ಟಿದ್ದವು?" ಎಂಬುದಕ್ಕೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ. 2016ರಲ್ಲಿ ಇನ್ನೊಂದು ಜಾತಿ, ಕ್ವಾಗ್ಗಾ ಮಸೆಲ್, ಕಾಣಿಸಿಕೊಂಡಿತು. ಅದರ ಕಥೆಗೂ ಹಿಂದಿನ ಲೆಕ್ಕ ಸಿದ್ಧವಾಗಿತ್ತು.

ನೀವು ಬಿಡುವವರಲ್ಲ, ಗೊತ್ತು. "ಎಣಿಕೆಯಲ್ಲಿ ಹಕ್ಕಿ ಕಡಿಮೆಯಾದರೆ ಸತ್ತವು ಅಂತಲೇ?" ಎನ್ನುತ್ತೀರಿ. ಅಲ್ಲ, ಅದೇ ಸ್ವಾರಸ್ಯ. ಚಳಿಗಾಲ ಮೃದುವಾಗುತ್ತಿದ್ದಂತೆ ಜುಟ್ಟಿನ ಬಾತುಗಳು ದಕ್ಷಿಣಕ್ಕೆ ಬರದೆ ಸ್ವೀಡನ್, ಫಿನ್‌ಲೆಂಡ್ ಕಡೆಯೇ ಹೆಚ್ಚು ಉಳಿಯುತ್ತಿವೆ. ಅಲ್ಲಿನ ನೀರು ಮೊದಲಿನಂತೆ ಹೆಪ್ಪುಗಟ್ಟುವುದಿಲ್ಲ. ಒಂದೇ ಸರೋವರದ ಲೆಕ್ಕ ಹಿಡಿದು ಕೂತರೆ ಇದು ತಿಳಿಯುವುದಿಲ್ಲ. ಅದಕ್ಕೇ 1967ರಿಂದ ಬೇರೆ ಬೇರೆ ದೇಶಗಳು ಜನವರಿಯಲ್ಲಿ ಒಟ್ಟಿಗೆ ಎಣಿಸುತ್ತಿವೆ. ಏಷ್ಯಾದ ಎಣಿಕೆ 1987ರಲ್ಲಿ ಶುರುವಾಯಿತು, ನಮ್ಮ ದೇಶವೂ ಅದರಲ್ಲಿದೆ. ಅಂದರೆ ನಾನು ಇಲ್ಲಿ ಮೂಗು ಒರೆಸಿಕೊಳ್ಳುತ್ತಾ ನಿಂತ ತಿಂಗಳಿನಲ್ಲೇ ನಮ್ಮವರೂ ಕೆರೆಯ ಏರಿಯ ಮೇಲೆ ನಿಂತಿರುತ್ತಾರೆ.

ಕಾನೂನಿನ ಮಾತೂ ಇದೆ, ನಿಮಗೆ ಇದು ಹಿಡಿಸಬಹುದು. ಜೌಗು ಪ್ರದೇಶಗಳನ್ನು ಉಳಿಸಲು ದೇಶಗಳು ಮಾಡಿಕೊಂಡ 1971ರ ರಾಮ್ಸರ್ ಒಪ್ಪಂದದಲ್ಲಿ ಒಂದು ಪ್ರದೇಶ ಅಂತರರಾಷ್ಟ್ರೀಯ ಮಹತ್ವದ್ದು ಎನ್ನಿಸಿಕೊಳ್ಳಲು ಇರುವ ಅಳತೆಗೋಲುಗಳಲ್ಲಿ ಎರಡು ಹೀಗಿವೆ: 20,000 ನೀರುಹಕ್ಕಿಗಳು ನಿಯಮಿತವಾಗಿ ಇರಬೇಕು, ಅಥವಾ ಒಂದು ಜಾತಿಯ ಅಥವಾ ಉಪಜಾತಿಯ ಒಂದು ಸಂತತಿಯಲ್ಲಿ ಶೇ. 1ರಷ್ಟಾದರೂ ಅಲ್ಲಿರಬೇಕು. ಇಲ್ಲಿನ ವೊಲ್‌ಮಾಟಿಂಗೆನ್ ಜೊಂಡು ಬಯಲು ರಾಮ್ಸರ್ ಪಟ್ಟಿಯಲ್ಲಿದೆ. "ಬಹಳ ಹಕ್ಕಿ ಇದೆ ಸ್ವಾಮಿ" ಎಂದರೆ ಯಾವ ಕಚೇರಿಯೂ ಕಡತ ತೆರೆಯುವುದಿಲ್ಲ. ಅಂಕಿ ಬೇಕು, ಅದೂ ವರ್ಷ ವರ್ಷದ್ದು. ನಾಲ್ಕು ದಶಕ ಕೆಲಸ ಮಾಡಿದ ನಿಮಗೆ ಇದನ್ನು ನಾನು ಹೇಳಿಕೊಡಬೇಕೇ?

ಅಮ್ಮ, ನೀನು ಕಳಿಸಿದ ಉಣ್ಣೆಯ ಟೋಪಿ ಕಿವಿ ಪೂರ್ತಿ ಮುಚ್ಚುತ್ತದೆ. ಆದರೆ ಬೆರಳಿಗೆ ಉಪಾಯವಿಲ್ಲ, ಕೈಗವಸು ಹಾಕಿಕೊಂಡು ಪೆನ್ಸಿಲ್ ಹಿಡಿಯಲಾಗದು. ಪೆನ್ನಿನ ಶಾಯಿ ಚಳಿಗೆ ಕೈಕೊಡುವುದರಿಂದ ಎಲ್ಲರದ್ದೂ ಪೆನ್ಸಿಲ್ಲೇ.

ಫೆಬ್ರವರಿಯಲ್ಲಿ ಮತ್ತೆ ಎಣಿಕೆ. ಆ ಭಾನುವಾರ ನಿಮ್ಮಲ್ಲಿ ಸಂಜೆ ಏಳಾಗುವ ಮೊದಲು ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಇತಿ ನಿಮ್ಮ ಪ್ರೀತಿಯ ಮಗಳು