ನಿನಗೆ ತೋರಿಸದೇ ಉಳಿದ ಶಿಕಾಗೊ

ಗೆಳೆಯಾ,

ಹೇಗಿದ್ದೀಯ? ಅಪ್ಪ, ಅಮ್ಮ ಹುಷಾರಾಗಿದ್ದಾರಾ? ಈ ಪತ್ರ ನಿನಗೆ ಯಾವಾಗಲೋ ಬರೆಯಬೇಕಿತ್ತು. ನೀನು ಇಲ್ಲಿಗೆ ಬಂದು ಹೋದ ವಾರವೇ ಬರೆಯಬೇಕಿತ್ತು.

ಆ ನಾಲ್ಕು ದಿನ ನೆನಪಿದೆಯಾ? ಮಿಲೆನಿಯಂ ಪಾರ್ಕಿನಲ್ಲಿ ಬೀನ್ ಅನ್ನುವ ಆ ಕನ್ನಡಿಯಂಥ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಂಡೆವು. ವಿಲ್ಲಿಸ್ ಟವರ್ ಮೇಲೆ ಹೋಗಿ ಗಾಜಿನ ನೆಲದ ಮೇಲೆ ನಿಂತೆವು. ಡೆವಾನ್ ಅವೆನ್ಯೂಗೆ ಹೋಗಿ ದೋಸೆ ತಿಂದೆವು. ಲೆಮಾಂಟ್ ದೇವಸ್ಥಾನಕ್ಕೆ ಹೋಗಿ ಬಂದೆವು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ನೀನು ಒಂದು ಮಾತು ಕೇಳಿದೆ. "ಎಲ್ಲಾ ಚೆನ್ನಾಗಿತ್ತು ಕಣೋ, ಆದ್ರೆ ಇಲ್ಲಿ ಜನ ಎಲ್ಲಿರ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಲೇ ಆರು ವರ್ಷದಿಂದ ಇಲ್ಲಿದ್ದೆ. ಮನೆ ಊರಾಚೆಯ ನೇಪರ್‌ವಿಲ್‌ನಲ್ಲಿ, ಆಫೀಸು ಡೌನ್‌ಟೌನಿನಲ್ಲಿ, ಮಧ್ಯೆ ರೈಲು. ದಕ್ಷಿಣದ ಕಡೆ ಹೋಗಬೇಡಿ ಅಂತ ಬಂದ ಹೊಸದರಲ್ಲೇ ಯಾರೋ ಹೇಳಿದ್ದರು. ಹೇಳಿದವರೂ ಹೋಗಿರಲಿಲ್ಲ, ನಾನೂ ಹೋಗಲಿಲ್ಲ.

ನೀನು ಹೋದ ಮೇಲಿನ ಅಕ್ಟೋಬರ್‌ನಲ್ಲಿ ಓಪನ್ ಹೌಸ್ ಶಿಕಾಗೊ ಬಗ್ಗೆ ಗೊತ್ತಾಯಿತು. ವರ್ಷಕ್ಕೊಮ್ಮೆ ಒಂದು ಶನಿವಾರ, ಭಾನುವಾರ ಊರಿನ ನೂರಾರು ಕಟ್ಟಡಗಳ ಬಾಗಿಲು ತೆರೆಯುತ್ತಾರೆ. ಚರ್ಚು, ಥಿಯೇಟರು, ಆಫೀಸು, ಹಳೇ ಬ್ಯಾಂಕು, ಕ್ಲಬ್ಬು, ಎಲ್ಲಾ ಇರುತ್ತೆ. ಹೆಚ್ಚಿನ ಕಡೆ ಟಿಕೆಟ್ ಇಲ್ಲ, ಹೆಸರು ಬರೆಸುವುದೂ ಇಲ್ಲ, ಸುಮ್ನೆ ಒಳಗೆ ಹೋಗಬಹುದು. ಬಾಗಿಲಲ್ಲಿ ಸ್ವಯಂಸೇವಕರು ನಿಂತಿರುತ್ತಾರೆ. ಲಂಡನ್ನಿನಲ್ಲಿ ವಿಕ್ಟೋರಿಯಾ ಥಾರ್ನ್‌ಟನ್ 1992ರಲ್ಲಿ ಶುರು ಮಾಡಿದ್ದು ಇದು. ಶಿಕಾಗೊಗೆ 2011ರಲ್ಲಿ ಬಂತು. ಇಲ್ಲಿ ಆರ್ಕಿಟೆಕ್ಚರ್ ಸೆಂಟರ್‌ನವರು ನಡೆಸುತ್ತಾರೆ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಡೌನ್‌ಟೌನಿನಲ್ಲೇ ಸುತ್ತಿದೆ. ಎತ್ತರದ ಕಟ್ಟಡಗಳ ಕೊನೇ ಮಹಡಿ ನೋಡೋಕೆ ಎಲ್ಲರೂ ಬರುತ್ತಾರೆ, ಉದ್ದುದ್ದ ಕ್ಯೂ. ಮಧ್ಯಾಹ್ನದ ಹೊತ್ತಿಗೆ ಕಾಲು ನೋವು ಬಂತು, ನೋಡಿದ್ದು ಮೂರೇ. ಬಡಾವಣೆಗಳ ಕಡೆ ಹೋದರೆ ಹಾಗಲ್ಲ. ಕ್ಯೂ ಇಲ್ಲ, ಆತುರ ಇಲ್ಲ. ಬಾಗಿಲಲ್ಲಿ ನಿಂತವರು ಅದೇ ಬೀದಿಯವರು. ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಈ ಊರನ್ನು 77 ಭಾಗ ಮಾಡಿ ಹೆಸರಿಟ್ಟಿದ್ದಾರೆ. ನನಗೆ ಐದಾರರ ಹೆಸರೂ ಗೊತ್ತಿರಲಿಲ್ಲ.

ಎರಡನೇ ವರ್ಷ ದಕ್ಷಿಣಕ್ಕೆ ಹೋದೆ. ಸ್ಟೋನಿ ಐಲೆಂಡ್ ಅವೆನ್ಯೂದಲ್ಲಿ 1923ರಲ್ಲಿ ಕಟ್ಟಿದ ಒಂದು ಬ್ಯಾಂಕಿದೆ. ಮುಂದೆ ದಪ್ಪ ದಪ್ಪ ಕಂಬಗಳು. 1980ರ ದಶಕದಿಂದ ಅದು ಪಾಳು ಬಿದ್ದಿತ್ತು. ಸೂರು ಸೋರಿ ಒಳಗೆ ಮಳೆ ನೀರು ನಿಲ್ಲುತ್ತಿತ್ತು. ಕೆಡವೋಕೆ ಹೊರಟಿದ್ದ ಕಟ್ಟಡವನ್ನು ಥಿಯಾಸ್ಟರ್ ಗೇಟ್ಸ್ ಅನ್ನುವ ಕಲಾವಿದರು ನಗರಾಡಳಿತದಿಂದ ಒಂದೇ ಡಾಲರಿಗೆ ಕೊಂಡರು. ರಿಪೇರಿಯ ದುಡ್ಡು ಅವರೇ ಹೊಂದಿಸಬೇಕು ಅನ್ನುವುದು ಷರತ್ತು. ಅವರು ಏನು ಮಾಡಿದರು ಗೊತ್ತಾ? ಅದೇ ಬ್ಯಾಂಕಿನ ಅಮೃತಶಿಲೆಯನ್ನು ತುಂಡು ತುಂಡು ಮಾಡಿ, ಅದರ ಮೇಲೆ ಅಕ್ಷರ ಕೆತ್ತಿಸಿ, ಬಾಂಡ್ ಅಂತ ಕಲಾಸಂತೆಯಲ್ಲಿ ಮಾರಿದರು. ಒಂದೊಂದಕ್ಕೆ 5000 ಡಾಲರ್. 2015ರಲ್ಲಿ ಬಾಗಿಲು ತೆರೆಯಿತು.

ಒಳಗೆ ಈಗ ಎತ್ತರದ ಪುಸ್ತಕದ ಕಪಾಟುಗಳಿವೆ. ಕಪ್ಪು ಜನರಿಗಾಗಿ 'ಎಬೊನಿ', 'ಜೆಟ್' ಪತ್ರಿಕೆಗಳನ್ನು ತರುತ್ತಿದ್ದ ಜಾನ್ಸನ್ ಪ್ರಕಾಶನದ ಲೈಬ್ರರಿ ಅಲ್ಲಿಗೆ ಬಂದಿದೆ. ಆದರೆ ಸುಣ್ಣ ಉದುರಿದ ಚಾವಣಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದ್ದಾರೆ. ಕೆಳಗೆ ತಿಜೋರಿಯ ಕೋಣೆಯಲ್ಲಿ ಲಾಕರ್‌ಗಳಿಗೆ ತುಕ್ಕು ಹಿಡಿದಿದೆ, ಅದನ್ನೂ ಮುಟ್ಟಿಲ್ಲ. ಇದು ನನಗೆ ತುಂಬಾ ಸರಿ ಅನ್ನಿಸಿತು. 1930ರ ದಶಕದಲ್ಲಿ ಇಲ್ಲಿ ಸರ್ಕಾರದ ನಕ್ಷೆಗಳಲ್ಲೇ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಅಲ್ಲಿಯವರಿಗೆ ಮನೆ ಸಾಲ ಸಿಗುವುದೇ ಕಷ್ಟ. ಬೀದಿಗಳು ಯಾಕೆ ಹೀಗಾದವು ಅಂತ ಕೇಳಿದರೆ ಉತ್ತರದ ಒಂದು ಭಾಗ ಆ ನಕ್ಷೆಗಳಲ್ಲಿದೆ. ಹೊಸ ಬಣ್ಣ ಬಳಿದಿದ್ದರೆ ನನಗೆ ಅದನ್ನು ಕೇಳಬೇಕು ಅಂತಲೇ ಹೊಳೆಯುತ್ತಿರಲಿಲ್ಲ.

ಅಲ್ಲಿಂದ ಸ್ವಲ್ಪ ದೂರಕ್ಕೇ ಸರೋವರದ ದಡದಲ್ಲಿ ಸೌತ್ ಶೋರ್ ಕಲ್ಚರಲ್ ಸೆಂಟರ್. ಮೊದಲು ಅದು ಶ್ರೀಮಂತರ ಕ್ಲಬ್ಬು. ಕಪ್ಪು ಜನರಿಗೂ ಯಹೂದಿಗಳಿಗೂ ಸದಸ್ಯತ್ವ ಇರಲಿಲ್ಲ. 1970ರ ದಶಕದಲ್ಲಿ ಕ್ಲಬ್ಬು ಮುಚ್ಚಿತು, ಜಾಗ ಊರಿನ ಪಾರ್ಕ್ ಇಲಾಖೆಗೆ ಬಂತು. ಕೆಡವಬೇಡಿ ಅಂತ ಸುತ್ತಲಿನ ಜನ ಹೋರಾಡಿ ಉಳಿಸಿಕೊಂಡರು. 1992ರ ಅಕ್ಟೋಬರ್‌ನಲ್ಲಿ ಬರಾಕ್ ಮತ್ತು ಮಿಷೆಲ್ ಒಬಾಮ ಮದುವೆಯ ಆರತಕ್ಷತೆ ನಡೆದದ್ದು ಅದೇ ಕಟ್ಟಡದಲ್ಲಿ. ನಾನು ಹೋದಾಗ ಒಂದು ಮಗು ಆ ಉದ್ದನೆಯ ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ಓಡಿ ಆಡುತ್ತಿತ್ತು. ಅದರ ಅಜ್ಜಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಈಗ ನಿಜವಾಗಿ ನಿನಗೆ ಹೇಳಬೇಕಾದ್ದಕ್ಕೆ ಬರುತ್ತೇನೆ. ಈ ವರ್ಷ ಪುಲ್‌ಮನ್‌ಗೆ ಹೋಗಿದ್ದೆ.

ಡೌನ್‌ಟೌನಿನಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ಮೆಟ್ರಾ ಎಲೆಕ್ಟ್ರಿಕ್ ರೈಲು ಹತ್ತಿ 111ನೇ ಬೀದಿಯಲ್ಲಿ ಇಳಿದರೆ ಬಂತು. ಇಳಿದ ತಕ್ಷಣ ನಿನ್ನ ನೆನಪಾಯಿತು. ಸಾಲು ಸಾಲು ಇಟ್ಟಿಗೆ ಮನೆಗಳು, ಒಂದಕ್ಕೊಂದು ಅಂಟಿಕೊಂಡಿವೆ. ಎದುರಿಗೆ ಗಡಿಯಾರದ ಗೋಪುರ. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಸೈರನ್ ಆದ ಕೂಡಲೇ ಸೈಕಲ್‌ಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತಿದ್ದವಲ್ಲ, ಅದೇ ಕಣ್ಣ ಮುಂದೆ ಬಂತು. ನಿಮ್ಮ ಕ್ವಾರ್ಟರ್ಸ್ ಜಗಲಿಯಲ್ಲಿ ಕೂತು ನಾವು ನೋಡುತ್ತಿದ್ದೆವು.

ಜಾರ್ಜ್ ಪುಲ್‌ಮನ್ ಅಂದರೆ ರೈಲಿನಲ್ಲಿ ಮಲಗಿ ಹೋಗುವ ಬೋಗಿಗಳನ್ನು ಮಾಡಿಸುತ್ತಿದ್ದ ಮನುಷ್ಯ. 1880ರಲ್ಲಿ ಫ್ಯಾಕ್ಟರಿ ಸುತ್ತ ಒಂದು ಊರನ್ನೇ ಕಟ್ಟಿಸಲು ಶುರು ಮಾಡಿದ. ಸೋಲನ್ ಬೀಮನ್ ಅನ್ನುವ ಇಪ್ಪತ್ತೇಳರ ಆಸುಪಾಸಿನ ಹುಡುಗ ಅದರ ಆರ್ಕಿಟೆಕ್ಟ್. ಆ ಕಾಲಕ್ಕೇ ಮನೆಯೊಳಗೆ ನಲ್ಲಿ ನೀರು, ಗ್ಯಾಸ್ ದೀಪ. ಮ್ಯಾನೇಜರ್‌ಗಳ ದೊಡ್ಡ ಮನೆಗಳು ಫ್ಯಾಕ್ಟರಿಗೆ ಎದುರಾಗಿ, ಕೆಲಸಗಾರರ ಚಿಕ್ಕ ಮನೆಗಳು ಹಿಂದೆ. ಬೀದಿಯಲ್ಲಿ ನಡೆದು ಹೋದರೇ ಯಾರು ಏನಾಗಿದ್ದರು ಅಂತ ತಿಳಿಯುತ್ತೆ. ಮನೆ ಕೊಳ್ಳೋಕೆ ಯಾರಿಗೂ ಬಿಡುತ್ತಿರಲಿಲ್ಲ, ಬಾಡಿಗೆಗೆ ಮಾತ್ರ. ಊರಿಂದಲೇ ನೂರಕ್ಕೆ ಆರು ಲಾಭ ಬರಬೇಕು ಅನ್ನುವುದು ಅವನ ಲೆಕ್ಕ. ಹಸಿರು ಕಲ್ಲಿನ ಒಂದು ಚಂದದ ಚರ್ಚ್ ಕಟ್ಟಿಸಿದ. ಅದಕ್ಕೂ ಬಾಡಿಗೆ! ಕೊಡಲಾರದೆ ಯಾವ ಪಂಗಡದವರೂ ಬರಲಿಲ್ಲ, ವರ್ಷಗಟ್ಟಲೆ ಖಾಲಿ ಇತ್ತು.

1893ರಲ್ಲಿ ದೇಶದಲ್ಲಿ ವ್ಯಾಪಾರ ಕುಸಿಯಿತು. ಸಂಬಳ ಸುಮಾರು ಕಾಲು ಭಾಗ ಕಡಿಮೆಯಾಯಿತು. ಬಾಡಿಗೆ ಇಳಿಯಲಿಲ್ಲ. ಮರುವರ್ಷ ಮುಷ್ಕರ. ರೈಲ್ವೆ ಕಾರ್ಮಿಕರು ಜೊತೆಗೆ ನಿಂತು ಪುಲ್‌ಮನ್ ಬೋಗಿಗಳನ್ನು ಮುಟ್ಟಲಿಲ್ಲ, ದೇಶದ ಎಷ್ಟೋ ಕಡೆ ರೈಲು ನಿಂತಿತು. ಸರ್ಕಾರ ಸೈನ್ಯ ಕಳಿಸಿ ಮುರಿಯಿತು. 1897ರಲ್ಲಿ ಪುಲ್‌ಮನ್ ಸತ್ತಾಗ, ಕೆಲಸಗಾರರು ಹೆಣ ಹೊರಗೆ ತೆಗೆದಾರು ಅನ್ನುವ ಭಯಕ್ಕೆ ಸಮಾಧಿಗೆ ಕಾಂಕ್ರೀಟು, ರೈಲು ಕಂಬಿ ಹಾಕಿ ಮುಚ್ಚಿದರು. ಆಮೇಲೆ ಕೋರ್ಟಿನ ಆದೇಶದಂತೆ ಮನೆಗಳು ಜನರ ಕೈಗೆ ಬಂದವು. 1960ರಲ್ಲಿ ಇಡೀ ಬಡಾವಣೆ ಕೆಡವುವ ಯೋಜನೆ ಬಂದಾಗ ಅಲ್ಲಿಯವರೇ ಸಂಘ ಕಟ್ಟಿ ತಡೆದರು. 2015ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು, 2022ರಿಂದ ರಾಷ್ಟ್ರೀಯ ಐತಿಹಾಸಿಕ ಉದ್ಯಾನ.

ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರ ಜೊತೆ ತುಂಬಾ ಹೊತ್ತು ಮಾತಾಡಿದೆ. ಅವರ ಅಜ್ಜ ಪುಲ್‌ಮನ್ ಬೋಗಿಯಲ್ಲಿ ಪೋರ್ಟರ್. ಆ ಕೆಲಸ ಕಪ್ಪು ಜನರದ್ದು. ಹಾಸಿಗೆ ಹಾಸುವುದು, ಶೂ ಪಾಲಿಶ್ ಮಾಡುವುದು, ರಾತ್ರಿಯೆಲ್ಲಾ ಎದ್ದಿರುವುದು. ಪ್ರಯಾಣಿಕರು ಹೆಸರು ಕೇಳುತ್ತಿರಲಿಲ್ಲ, ಎಲ್ಲರನ್ನೂ 'ಜಾರ್ಜ್' ಅಂತ ಮಾಲೀಕನ ಹೆಸರಿನಿಂದಲೇ ಕರೆಯುತ್ತಿದ್ದರು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳಾಗಿ ಅವರ ಸಂಘ ಹುಟ್ಟಿತು. ಕಂಪನಿ ಒಪ್ಪಂದಕ್ಕೆ ಸಹಿ ಹಾಕೋಕೆ 1937 ಆಯಿತು. "ಅಜ್ಜ ಸಂಘದ ಕಾರ್ಡನ್ನು ಬೈಬಲ್ ಒಳಗೆ ಇಟ್ಟಿರುತ್ತಿದ್ದರು" ಅಂತ ಅವರು ಹೇಳಿದಾಗ ನನಗೆ ಮಾತು ಬರಲಿಲ್ಲ.

ನಿಮ್ಮಪ್ಪ ರಿಟೈರ್ ಆಗಿ ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ನಾನೂ ಸಾಮಾನು ಸಾಗಿಸೋಕೆ ಬಂದಿದ್ದೆ. ಲಾರಿ ಹೊರಡುವಾಗ ಅವರು ವಾಪಸ್ ಒಳಗೆ ಹೋದರು. ಕಿಟಕಿಯಿಂದ ನೋಡಿದೆ. ಪ್ರತಿ ವರ್ಷ ನಿನ್ನ ಎತ್ತರ ಗುರುತು ಮಾಡುತ್ತಿದ್ದ ಬಾಗಿಲ ಚೌಕಟ್ಟನ್ನು ಕೈಯಿಂದ ಸವರುತ್ತಿದ್ದರು. ಈ ವಿಷಯ ನಿನಗೆ ಇವತ್ತಿನವರೆಗೂ ಹೇಳಿರಲಿಲ್ಲ. ಪುಲ್‌ಮನ್ ಬೀದಿಯಲ್ಲಿ ನಿಂತಾಗ ಹೇಳಲೇಬೇಕು ಅನ್ನಿಸಿತು.

ನಿನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕಿತ್ತು ಕಣೋ. ಬರುವ ವರ್ಷ ಅಕ್ಟೋಬರ್‌ಗೆ ರಜೆ ಹಾಕಿ ಬಾ. ದಿನಕ್ಕೆ ನಾಲ್ಕು ಕಟ್ಟಡಕ್ಕಿಂತ ಜಾಸ್ತಿ ನೋಡೋದು ಬೇಡ. ಸ್ವೆಟರ್ ತಾ, ಸರೋವರದ ಗಾಳಿ ಆಗಲೇ ಶುರುವಾಗಿರುತ್ತೆ. ಅಪ್ಪನಿಗೂ ಪ್ರಯಾಣ ಆಗುತ್ತೆ ಅನ್ನಿಸಿದರೆ ಅವರನ್ನೂ ಕರೆದುಕೊಂಡು ಬಾ. ಹಳೇ ಫ್ಯಾಕ್ಟರಿಯ ಗೋಡೆ, ಇಟ್ಟಿಗೆ ಕಟ್ಟಿದ ರೀತಿ, ಕಿಟಕಿಯ ಕಮಾನು ಎಲ್ಲಾ ಹತ್ತಿರದಿಂದ ಫೋಟೋ ತೆಗೆದಿದ್ದೇನೆ, ಜೊತೆಗೆ ಕಳಿಸುತ್ತಿದ್ದೇನೆ. ಅಪ್ಪನಿಗೆ ತೋರಿಸು. ನೋಡಿ ಏನಂದರು ಅಂತ ತಪ್ಪದೆ ಬರೆ.

ನಿನ್ನ ಗೆಳೆಯ