ದಡದಲ್ಲಿ ಕೂತವಳಿಗೂ ಕೆಲಸ ಕೊಟ್ಟವರಿಗೆ

ಹೋದ ಭಾನುವಾರ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಮತ್ತೆ ಸರ್ಫ್ ಬೋರ್ಡಿನ ಮೇಲೆ, ಅಂದರೆ ಅಲೆಯ ಮೇಲೆ ಜಾರುವ ಹಲಗೆಯ ಮೇಲೆ, ನಿಂತೆ. ಅಲೆ ಸೊಂಟದಷ್ಟೂ ಇರಲಿಲ್ಲ. ನಿಂತಿದ್ದೂ ಸ್ವಲ್ಪ ಹೊತ್ತು ಅಷ್ಟೆ. ಆದರೆ ದಡದಲ್ಲಿದ್ದ ನಮ್ಮವರು ಕಿರುಚಿದ್ದು ಕೇಳಿ ಬಲೆ ಬಿಡಿಸುತ್ತಿದ್ದ ಅಜ್ಜ ಯಾರೋ ಮುಳುಗಿದರು ಅಂತ ಎದ್ದು ಓಡಿ ಬಂದರು. ವಿಡಿಯೊ ಈಗಾಗಲೇ ಊರೆಲ್ಲ ಸುತ್ತಿದೆ. ಶುಭಾಶಯ ಹೇಳಿದವರಿಗೆಲ್ಲ ಒಂದೊಂದು ಹಾರ್ಟ್ ಒತ್ತಿ ಸುಮ್ಮನಾಗಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಯಾರ್ಯಾರು ಏನೇನು ಮಾಡಿದರು ಅಂತ ಎಲ್ಲರ ಎದುರಿಗೇ ಹೇಳಬೇಕು. ಹೆಸರು ಹಾಕಬೇಡ ಅಂತ ಅರ್ಧ ಜನ ಮೊದಲೇ ತಾಕೀತು ಮಾಡಿದ್ದಾರೆ. ಹಾಗಾಗಿ ಹೆಸರಿಲ್ಲ. ಓದಿದರೆ ನೀವ್ಯಾರು ಅಂತ ನಿಮಗೇ ಗೊತ್ತಾಗುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. 2024ರ ಮಾರ್ಚಿನಲ್ಲಿ ನನ್ನ ಬಲ ಮಂಡಿಯ ಎಸಿಎಲ್ ಹರಿಯಿತು. ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಮಂಡಿಯ ಒಳಗಿನಿಂದ ಹಿಡಿದಿಡುವ ಪಟ್ಟಿ ಅದು. ಓಡುವಾಗ ತಟ್ಟನೆ ತಿರುಗಿದರೆ, ಹಾರಿ ಕಾಲು ವಾರೆಯಾಗಿ ಊರಿದರೆ ಹರಿಯುತ್ತದೆ. ಸುದ್ದಿ ಕೇಳಿದವರೆಲ್ಲ ಸಮುದ್ರವನ್ನು ಬೈದರು. ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪ 'ಬೇಡ ಬೇಡ ಅಂದ್ರೂ ನೀರಿಗಿಳಿದ್ಲು' ಅಂತ ಹೋದ ಮದುವೆಮನೆಯಲ್ಲೆಲ್ಲ ಹೇಳಿಕೊಂಡು ಬಂದರು. ಪಾಪ, ಸಮುದ್ರದ್ದು ಏನೂ ತಪ್ಪಿಲ್ಲ. ಹರಿದದ್ದು ಮಹಿಳಾ ದಿನಾಚರಣೆಯ ಥ್ರೋಬಾಲ್ ಪಂದ್ಯದಲ್ಲಿ, ಒಣ ನೆಲದ ಮೇಲೆ. ಡಾಕ್ಟರು ತೊಡೆಯ ಹಿಂಭಾಗದಿಂದ ಸ್ನಾಯುವನ್ನು ಮೂಳೆಗೆ ಕಟ್ಟುವ ಒಂದು ಎಳೆ ತೆಗೆದು ಅಲ್ಲಿ ಕೂರಿಸಿದರು. 9 ತಿಂಗಳು ಬೋರ್ಡು ಮುಟ್ಟಬೇಡಿ ಅಂದರು.

ನಾನು ಬಯಲುಸೀಮೆಯವಳು. ನನಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ಸೂಳೆಕೆರೆ. 2019ರಲ್ಲಿ ಕೆಲಸಕ್ಕೆ ಮಂಗಳೂರಿಗೆ ಬಂದಾಗ ಈ ಊರಿನಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ಶನಿವಾರ ಬಂತು ಅಂದರೆ ಬೇಜಾರು. ಪಿಜಿಯಲ್ಲಿ ಜೊತೆಗಿದ್ದ ಡೆಂಟಲ್ ಓದುವ ಹುಡುಗಿ ಒಂದು ಭಾನುವಾರ ಇನ್ನೂ ಕತ್ತಲಿರುವಾಗಲೇ ಎಬ್ಬಿಸಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಳು. ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಬೇಕು. ತೆಂಗಿನ ತೋಟ ಮುಗಿದ ಮೇಲೆ ಶಾಂಭವಿ, ನಂದಿನಿ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ. ಅಲ್ಲಿ ಬೋರ್ಡು ಹಿಡಿದು ನಿಂತವರ ಗುಂಪೇ ಆಮೇಲೆ ನನ್ನ ಮಂಗಳೂರು ಆಯಿತು. ಆ ಹುಡುಗಿ ಈಗ ಶಿವಮೊಗ್ಗದಲ್ಲಿ ಡಾಕ್ಟರು. ಅವಳು ಅವತ್ತು ಎಬ್ಬಿಸದೇ ಇದ್ದಿದ್ದರೆ ನಾನು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ, ಅಷ್ಟೇ. ಥ್ಯಾಂಕ್ಸ್ ಕಣೇ.

ಮೂಲ್ಕಿಯ ಕಡಲಿಗೆ ಸರ್ಫಿಂಗ್ ತಂದದ್ದು ಒಂದು ಆಶ್ರಮ ಅಂದರೆ ಹೊರಗಿನವರು ನಂಬುವುದಿಲ್ಲ. ಅಮೆರಿಕದ ಜ್ಯಾಕ್ ಹೆಬ್ನರ್ ಕೃಷ್ಣಭಕ್ತರಾಗಿ ಸನ್ಯಾಸ ತಗೊಂಡು ಇಲ್ಲಿಗೆ ಬಂದವರು. 2004ರಲ್ಲಿ ಅವರು ಶುರು ಮಾಡಿದ ಕ್ಲಬ್ಬಿನಿಂದ ಇಡೀ ಊರಿಗೆ ಈ ಹುಚ್ಚು ಹಿಡಿಯಿತು. 'ಸರ್ಫಿಂಗ್ ಸ್ವಾಮಿ' ಅಂತಲೇ ಅವರಿಗೆ ಹೆಸರು. ಮಣಿಪಾಲಕ್ಕೆ ಓದಲು ಬಂದಿದ್ದ ಇಶಿತಾ ಮಾಳವಿಯ ಅಲೆ ಹಿಡಿಯಲು ಕಲಿತದ್ದು ಈ ಆಶ್ರಮದವರ ನಂಟಿನಿಂದ. ಆಮೇಲೆ ಅವರು ಸ್ನೇಹಿತನ ಜೊತೆ ಸೇರಿ ಕೋಡಿಬೆಂಗ್ರೆಯಲ್ಲಿ ತಮ್ಮದೇ ಕ್ಲಬ್ ನಡೆಸಿದರು. ಮೂಲ್ಕಿಯ ತನ್ವಿ ಜಗದೀಶ್ ಹುಟ್ಟು ಹಾಕುತ್ತಾ ಬೋರ್ಡಿನ ಮೇಲೆ ನಿಂತು ಸಾಗುವ ಆಟದಲ್ಲಿ ಹೊರದೇಶದ ಸ್ಪರ್ಧೆಗಳಿಗೆ ಹೋಗಿ ಬಂದರು. ಇವರ್ಯಾರಿಗೂ ನಾನು ಗೊತ್ತಿಲ್ಲ. ಆದರೆ ಹುಡುಗಿಯೊಬ್ಬಳು ಬೋರ್ಡು ಹಿಡಿದು ನೀರಿಗಿಳಿದರೆ ಈ ಕರಾವಳಿಯಲ್ಲಿ ಯಾರೂ ಬಾಯಿ ಬಿಟ್ಟುಕೊಂಡು ನೋಡುವುದಿಲ್ಲ ಅಂದರೆ ಅದಕ್ಕೆ ಇವರು ಕಾರಣ. ಅವರಿಗೂ ಇದರಲ್ಲಿ ಒಂದು ಪಾಲಿದೆ.

ಈಗ ನಮ್ಮವರು. ಮೊದಲು ಕಾಸರಗೋಡಿನ ನರ್ಸಮ್ಮ. ಆಪರೇಷನ್ ಆದ ವಾರ ತನ್ನ ರಜೆಯನ್ನೆಲ್ಲ ನನ್ನ ಮಂಚದ ಪಕ್ಕ ಸುರಿದಳು. ಮಂಡಿ ನೋಯುತ್ತದೆ ಅಂತ ಅದರ ಕೆಳಗೆ ದಿಂಬು ಇಟ್ಟುಕೊಂಡರೆ ಬಂದು ಕಿತ್ತೆಸೆಯುತ್ತಿದ್ದಳು. ಹಾಯಾಗಿರುವುದು ನಿಜ, ಆದರೆ ಮಂಡಿ ಬಾಗಿದ ಹಾಗೇ ಕೂತುಬಿಡುತ್ತದೆ, ಪೂರ್ತಿ ನೆಟ್ಟಗಾಗುವುದಿಲ್ಲ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ. ನಾನು ಅತ್ತರೂ ಅವಳು ಬಗ್ಗಲಿಲ್ಲ. ಇವತ್ತು ನನ್ನ ಎರಡೂ ಕಾಲು ಒಂದೇ ಸಮ ನೆಟ್ಟಗಿವೆ. ಮುಖಕ್ಕೆ ಮುಖ ಕೊಟ್ಟು ಇದನ್ನು ಹೇಳಲು ಹೋದರೆ ಬೈಯುತ್ತಾಳೆ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಮನೆ ಓನರ್ ಅಂಕಲ್ ಬಗ್ಗೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಕೆಂಪುಕಲ್ಲಿನ ಮೆಟ್ಟಿಲಿನ ಮೇಲೆ ಪಾಚಿ ಹೇಗೆ ಹಿಡಿಯುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಎರಡು ಕಾಲು ಗಟ್ಟಿಯಿದ್ದವರೇ ಜಾರುತ್ತಾರೆ. ಅಂಕಲ್ ಜೂನ್ ಶುರುವಿನಿಂದ ಬ್ಲೀಚಿಂಗ್ ಪೌಡರ್ ಹಾಕಿ ಬ್ರಶ್ಶಿನಿಂದ ಮೆಟ್ಟಿಲು ತಿಕ್ಕುತ್ತಿದ್ದರು. ಒಂದು ಮಾತೂ ಹೇಳಲಿಲ್ಲ. ನಾನು ಇಳಿಯುವಾಗ ಪೇಪರ್ ಓದುವ ನೆಪ ಮಾಡಿಕೊಂಡು ಕೆಳಗೆ ನಿಂತಿರುತ್ತಿದ್ದರು. ಆಂಟಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕಳಿಸುತ್ತಿದ್ದರು. ತುಳುವರ ಆಟಿ ತಿಂಗಳ ಅಮಾವಾಸ್ಯೆ ಆ ಸಲ ಭಾನುವಾರವೇ ಬಂದಿತ್ತು. ಅವತ್ತು ಇಲ್ಲಿನವರು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ಕೊಟ್ಟು 'ಕಣ್ಣು ಮುಚ್ಚಿ ಕುಡಿ' ಅಂದರು. ಅಷ್ಟು ಕಹಿ ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಅದಕ್ಕೂ ಕೃತಜ್ಞತೆ ಹೇಳಬೇಕಾ? ಹೇಳುತ್ತೇನೆ. ಆಮೇಲೆ ಕೊಟ್ಟ ಮೆಂತೆ ಗಂಜಿಗೆ ಜಾಸ್ತಿ ಹೇಳುತ್ತೇನೆ.

ಅಮ್ಮ ದಾವಣಗೆರೆಯಿಂದ ಮಂಡಕ್ಕಿ ಮೂಟೆ ಕಟ್ಟಿಕೊಂಡು ಬಂದರು. ಬಂದ ಮೊದಲ ದಿನ ನನ್ನ ಸ್ನೇಹಿತರ ಮೇಲೆ ಸಿಟ್ಟು. ಸಮುದ್ರಕ್ಕೆ ಕರೆದುಕೊಂಡು ಹೋಗಿ ಕೆಡಿಸಿದವರು ಇವರೇ ಅಲ್ವಾ! ಶನಿವಾರ ಸಂಜೆ ಇಡೀ ಗುಂಪು ನನ್ನ ಪುಟ್ಟ ಮನೆಗೆ ನುಗ್ಗಿತು. ಅಮ್ಮ ಮೆಣಸಿನಕಾಯಿ ಬಜ್ಜಿ ಕರಿದರು, ಮಂಡಕ್ಕಿ ಒಗ್ಗರಣೆ ಹಾಕಿದರು. ಬ್ಯಾಂಕಿನ ಹುಬ್ಬಳ್ಳಿ ಹುಡುಗ ಅಡುಗೆಮನೆಯಲ್ಲೇ ನಿಂತು, ಬಾಣಲೆಯಿಂದ ಎತ್ತಿದ್ದನ್ನೆಲ್ಲ ಊದಿ ಊದಿ ತಿಂದ. ಅಲ್ಲಿಗೆ ಸಿಟ್ಟು ಮುಗಿಯಿತು. ಮಾರನೆ ವಾರ ಅಮ್ಮನನ್ನು ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿಸಿ ತಣ್ಣೀರುಬಾವಿಗೆ ಕರೆದುಕೊಂಡು ಹೋಗಿ ಚುರುಮುರಿ ತಿನ್ನಿಸಿದರು. ಹಂಪನಕಟ್ಟೆಗೆ ಬಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದರು. ಈಗ ಅಮ್ಮ ಫೋನ್ ಮಾಡಿದರೆ ನನಗಿಂತ ಮೊದಲು ಆ ಹುಬ್ಬಳ್ಳಿಯವನನ್ನು ಕೇಳುತ್ತಾರೆ.

ಆ ಹುಬ್ಬಳ್ಳಿಯವನು ಇನ್ನೊಂದು ಉಪಕಾರ ಮಾಡಿದ. ನನ್ನ ಬೋರ್ಡು ತನ್ನ ಮನೆಗೆ ಒಯ್ದ. ಎದುರಿಗೆ ಇದ್ದರೆ ನೋಡಿ ನೋಡಿ ಕೊರಗುತ್ತಾಳೆ ಅಂತ. ಮಾರಿಬಿಡು ಅಂತ ನಾನು ಹೇಳಿದಾಗ 'ಹೂಂ, ಗಿರಾಕಿ ಹುಡುಕ್ತಿದ್ದೀನಿ' ಅಂದ. ತಿಂಗಳುಗಟ್ಟಲೆ ಹುಡುಕುತ್ತಲೇ ಇದ್ದ.

ಆದರೆ ಈ ಬರಹ ಬರೆಯಲು ಕೂತದ್ದು ಮುಖ್ಯವಾಗಿ ಬೇರೊಂದಕ್ಕೆ. ಕಾಲು ಮುರಿದವರನ್ನು ನೋಡಲು ಜನ ಬರುತ್ತಾರೆ, ಹಣ್ಣು ತರುತ್ತಾರೆ, ಹೋಗುತ್ತಾರೆ. ನೀವು ಹಾಗೆ ಮಾಡಲಿಲ್ಲ. ಊರುಗೋಲು ಬಿಟ್ಟ ಕೂಡಲೇ ಭಾನುವಾರ ನನ್ನನ್ನು ಕಾರಿಗೆ ಹಾಕಿಕೊಂಡು ಸಸಿಹಿತ್ಲುವಿಗೆ ಕರೆದುಕೊಂಡು ಹೋದಿರಿ. ಕುರ್ಚಿ ಹಾಕಿ ಕೂರಿಸಿ 'ಗಾಳಿ ತಗೋ' ಅಂದಿದ್ದರೆ ಮಾರನೆ ವಾರ ನಾನು ಬರುತ್ತಿರಲಿಲ್ಲ. ಸರ್ಫಿಂಗ್ ಕಲಿಸುವ ಹುಡುಗ, ಅಪ್ಪನ ಜೊತೆ ದೋಣಿಗೆ ಹೋಗುವವನು, ಕೈಗೆ ವಿಸಿಲ್ ಕೊಟ್ಟ. 'ಸುಮ್ನೆ ಕೂರಬೇಡಿ ಮಾರಾಯ್ರೆ. ನೀರಲ್ಲಿ ಎಷ್ಟು ತಲೆ ಉಂಟು, ಲೆಕ್ಕ ಇಡಿ. ಆ ಕಪ್ಪು ಪಟ್ಟಿ ಕಡೆ ಯಾರು ಹೋದ್ರೂ ಊದಿ.'

ಕಪ್ಪು ಪಟ್ಟಿ ಅಂದರೆ ರಿಪ್. ದಡಕ್ಕೆ ಬಂದ ನೀರು ವಾಪಸ್ ಹೋಗಲು ದಾರಿ ಬೇಕಲ್ಲ, ಮರಳಿನ ದಿಣ್ಣೆಗಳ ನಡುವೆ ಆಳ ಇರುವ ಕಡೆಯಿಂದ ಅದು ಜೋರಾಗಿ ಹೊರಗೆ ಹರಿಯುತ್ತದೆ. ಅಲ್ಲಿ ಅಲೆ ಅಷ್ಟಾಗಿ ಮುರಿಯುವುದಿಲ್ಲ. ಹಾಗಾಗಿ ನೋಡುವವರಿಗೆ ಅದೇ ಶಾಂತ ಜಾಗ ಅನಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಎದುರಾಗಿ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಅಳಿವೆಯ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹೋದ ವರ್ಷ ಅಲೆ ಚೆನ್ನಾಗಿ ಮುರಿಯುತ್ತಿದ್ದ ಕಡೆ ಈ ವರ್ಷ ಬರೀ ಆಳ. ಬೋರ್ಡಿನ ಮೇಲಿದ್ದಾಗ ನನಗೆ ಇದ್ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದಿನ ಅಲೆ ಒಂದೇ ಕಾಣುತ್ತಿತ್ತು. ಮರಳಿನ ಮೇಲೆ ಕೂತು ನೋಡುತ್ತಾ ನೋಡುತ್ತಾ ಅಲೆಗಳು ಗುಂಪು ಗುಂಪಾಗಿ ಬರುವುದು, ನಡುವೆ ಬಿಡುವು ಕೊಡುವುದು ಗೊತ್ತಾಯಿತು. ದೂರದ ದಕ್ಷಿಣದ ಸಮುದ್ರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ಇಲ್ಲಿಗೆ ಬಂದು ಮುರಿಯುತ್ತದಂತೆ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವಾಗ ಅಲೆ ನುಣುಪಾಗಿರುತ್ತದೆ, ಬಿಸಿಲೇರಿ ಕಡಲ ಗಾಳಿ ಶುರುವಾದರೆ ಕೆಡುತ್ತದೆ. ವಿಸಿಲ್ ಊದಿ ಒಂದು ಸಂಸಾರವನ್ನು ಆ ಪಟ್ಟಿಯಿಂದ ಈಚೆ ಕರೆಸಿದ ದಿನ ಅವರು ನನಗೆ ಬೈದು ಹೋದರು. ಬಲೆಯ ಅಜ್ಜ ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸಿದರು. ಅಲ್ಲಿಂದ ಮುಂದೆ ನಾನು ಪೇಷಂಟ್ ಅಲ್ಲ, ಸ್ಟಾಫು.

ಅದೇ ವರ್ಷ ಮೇ 31ಕ್ಕೆ ಸಸಿಹಿತ್ಲುವಿನಲ್ಲೇ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಶುರುವಾಯಿತು. ಮಂಡಿಗೆ ಬ್ರೇಸ್ ಕಟ್ಟಿಕೊಂಡು ಹೋದೆ. ಜನಜಂಗುಳಿಯಲ್ಲಿ ನನ್ನ ಕಾಲಿಗೆ ಯಾರೂ ತಾಗದ ಹಾಗೆ ನಮ್ಮ ಗುಂಪಿನವರು ಸುತ್ತ ನಿಂತರು. ಒಂದು ಅಲೆಗೆ ಹತ್ತಕ್ಕೆ ಇಷ್ಟು ಅಂತ ಅಂಕ, ಒಬ್ಬರ ಎರಡು ಒಳ್ಳೆಯ ಅಲೆ ಮಾತ್ರ ಲೆಕ್ಕಕ್ಕೆ. ಮಹಾಬಲಿಪುರದ ಕಮಲಿ ಮೂರ್ತಿ ಅಲೆಯ ಮೇಲೆ ತಿರುಗುವುದನ್ನು ನೋಡಿ ನನ್ನ ಮಂಡಿ ತಾನಾಗಿಯೇ ಬಗ್ಗಿತು. ಆಮೇಲೆ ಮಳೆ. ಕಡಲಿಗೆ ಇಳಿಯುವ ಹಾಗಿಲ್ಲ, ಮೀನುಗಾರಿಕೆಗೂ ರಜೆ. ಆ ಎರಡು ತಿಂಗಳು ನನಗೆ ಹಾಯೆನಿಸಿತು. ಎಲ್ಲರೂ ದಡದಲ್ಲೇ ಇದ್ದರಲ್ಲ! ಜುಲೈ ಕೊನೆಗೆ ಒಲಿಂಪಿಕ್ಸ್ ಬಂತು. ಪ್ಯಾರಿಸ್ ಒಲಿಂಪಿಕ್ಸ್ ಆದರೂ ಸರ್ಫಿಂಗ್ ನಡೆದದ್ದು 15,000 ಕಿ.ಮೀ. ಆಚೆ, ಟಹೀಟಿಯ ಟೆಯಾಹುಪೊದಲ್ಲಿ. ಅಲ್ಲಿ ಬೆಳಗಾದರೆ ಇಲ್ಲಿ ರಾತ್ರಿ ಹತ್ತೂವರೆ. ಹೊರಗೆ ಮಳೆ ಸುರಿಯುತ್ತಿದೆ, ಒಳಗೆ ಪತ್ರೊಡೆ ಬೇಯುತ್ತಿದೆ, ಕರೆಂಟು ಹೋಗಿ ಬರುತ್ತಿದೆ, ಲ್ಯಾಪ್‌ಟಾಪಿನಲ್ಲಿ ನೀಲಿ ಅಲೆ. ಬ್ರೆಜಿಲ್‌ನ ಸರ್ಫರ್ ಗೇಬ್ರಿಯಲ್ ಮೆಡಿನಾ ಬೋರ್ಡಿನ ಸಮೇತ ಗಾಳಿಯಲ್ಲಿ ನಿಂತ ಫೋಟೊ ಬಂದಾಗ ಅದು ಎಡಿಟ್ ಮಾಡಿದ್ದು ಅಂತ ಬೆಟ್ ಕಟ್ಟಿ ಸೋತವರು ಇನ್ನೂ ಬಂಗುಡೆ ಫ್ರೈ ಕೊಡಿಸಿಲ್ಲ. ನೆನಪಿರಲಿ.

ಫಿಸಿಯೊ ಮೇಡಂಗೆ ಸರ್ಫಿಂಗ್ ಅಂದರೆ ಏನೂ ಗೊತ್ತಿರಲಿಲ್ಲ. 'ಎದ್ದು ನಿಲ್ಲುವುದು ಹೇಗೆ, ತೋರಿಸಿ' ಅಂತ ವಿಡಿಯೊ ತರಿಸಿಕೊಂಡರು. ಬೋರಲು ಮಲಗಿ ಒಂದೇ ನೆಗೆತಕ್ಕೆ ಎರಡೂ ಕಾಲು ಒಳಗೆ ತರುವುದನ್ನು ಹತ್ತಾರು ಸಲ ನೋಡಿದರು. ನನಗೆ ಬಲಗಾಲು ಮುಂದೆ ಬರುತ್ತದೆ, ಅಂದರೆ ಹೊಲಿದ ಕಾಲೇ ಮೊದಲು ಭಾರ ಹೊರಬೇಕು. ಅದಕ್ಕೆ ತಕ್ಕ ವ್ಯಾಯಾಮ ಮಾಡಿಸಿದರು. ಒಂಟಿ ಕಾಲಿನಲ್ಲಿ ಕುಪ್ಪಳಿಸುವ ಪರೀಕ್ಷೆಯಲ್ಲಿ ಬಲಗಾಲು ಎಡಗಾಲಿನ ಶೇ. 90ರಷ್ಟು ದೂರ ದಾಟಬೇಕಿತ್ತು. ದಾಟುವ ತನಕ ಹೂಂ ಅನ್ನಲಿಲ್ಲ. ನಾನು ಮುಖ ಊದಿಸಿಕೊಂಡು ಹೋದ ದಿನವೂ ಅನ್ನಲಿಲ್ಲ. ಹೂಂ ಅಂದ ದಿನ ಹುಬ್ಬಳ್ಳಿಯವನು ಬೋರ್ಡು ವಾಪಸ್ ತಂದ. ಕಾಲು ಜಾರದ ಹಾಗೆ ಬೋರ್ಡಿಗೆ ಹಚ್ಚುವ ವ್ಯಾಕ್ಸ್ ಹೊಸದು, ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹೊಸದು. 'ಗಿರಾಕಿ ಸಿಕ್ಕಿದ್ಲು' ಅಂದ.

ಇನ್ನೂ ಇದ್ದೀರಿ. ಆಸ್ಪತ್ರೆಗೆ ಹಣ ಕಟ್ಟುವ ಬೆಳಿಗ್ಗೆ ಕೇಳದೇ ಕಳಿಸಿದವರು, ನನ್ನ ಪಾಲಿನ ಕೆಲಸ ಮಾಡಿ ಸುಮ್ಮನಿದ್ದ ಆಫೀಸಿನವರು, ಮೂಲ್ಕಿಯ ಹೋಟೆಲಿನಲ್ಲಿ ನನಗೆ ಕಾಲು ಚಾಚಲು ಆಗುವ ಮೂಲೆಯ ಟೇಬಲ್ ಕಾದಿಟ್ಟು ಬನ್ಸ್ ತರುತ್ತಿದ್ದ ಅಣ್ಣ, ಪ್ರತಿ ಭಾನುವಾರ ದೋಣಿಯ ಪಕ್ಕದಿಂದ 'ಕಾರ್ ಎಂಚ ಉಂಡು?', ಅಂದರೆ ಕಾಲು ಹೇಗಿದೆ ಅಂತ ತುಳುವಿನಲ್ಲಿ ಕೇಳುತ್ತಿದ್ದ ಅಕ್ಕಂದಿರು. ಉಷಾರುಂಟು ಅಕ್ಕ. ವಿಸಿಲ್ ಇನ್ನೂ ನನ್ನ ಹತ್ತಿರವೇ ಇದೆ, ವಾಪಸ್ ಕೇಳಿದರೂ ಕೊಡುವುದಿಲ್ಲ.

ಕೊನೆಗೊಂದು ವಿಷಯ. ಒಂದು ಜೊತೆ ಊರುಗೋಲು, ಒಂದು ಮಂಡಿ ಬ್ರೇಸ್, ಎರಡು ಐಸ್ ಪ್ಯಾಕ್ ನಮ್ಮ ಮನೆಯಲ್ಲಿ ಸುಮ್ನೆ ಬಿದ್ದಿವೆ. ಊರುಗೋಲಿನ ಎತ್ತರ ಬೇಕಾದ ಹಾಗೆ ಹೊಂದಿಸಬಹುದು, ಬ್ರೇಸ್ ಎರಡೂ ಕಾಲಿಗೆ ಆಗುತ್ತದೆ. ಮಂಗಳೂರು, ಸುರತ್ಕಲ್, ಮೂಲ್ಕಿ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ. ನಾನೇ ತಂದುಕೊಡುತ್ತೇನೆ. ಮೆಟ್ಟಿಲಿದ್ದರೂ ಪರವಾಗಿಲ್ಲ.